ಹತ್ತಿ ವಖಾರದಲ್ಲಿ ಯಾರೂ ಸಾಯಲಿಲ್ಲ

ಇದನ್ನು ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡು ಮೂರು ವರ್ಷವಾಯಿತು. ಮೊದಲ ವರ್ಷ ಕಣ್ಣಿನ ಪೊರೆಯ ನೆಪ ಹೇಳಿದೆ. ಪೊರೆ ತೆಗೆಸಿದ ಮೇಲೆ ಮೊಣಕಾಲು ನೋವು ಎಂದೆ. ಮೊಣಕಾಲಿನಿಂದ ಯಾರೂ ಬರೆಯುವುದಿಲ್ಲ ಎಂಬುದು ಕೇಳಿದವರಿಗೂ ಗೊತ್ತಿತ್ತು. ದೊಡ್ಡವರು ಎಂದು ಸುಮ್ಮನಾದರು. ನಿಜ ಹೇಳಬೇಕೆಂದರೆ ಎರಡು ಸಲ ಬರೆದು ಮುಗಿಸಿದ್ದೆ. ಓದಿ ನೋಡಿದಾಗ ಎರಡರಲ್ಲೂ ನಾನು ಬಹಳ ಒಳ್ಳೆಯ ಮನುಷ್ಯನಾಗಿದ್ದೆ. ಎರಡನ್ನೂ ನೀರೊಲೆಗೆ ಹಾಕಿದೆ.

ಕೇಳಿದವರು ನಮ್ಮ ಕಡೆಯ ಆಸ್ಪತ್ರೆಯಲ್ಲಿ ಗುಣವಾಗದ ರೋಗಿಗಳನ್ನು ನೋಡಿಕೊಳ್ಳಲು ಹೊಸದಾಗಿ ಸೇರಿದ ಹುಡುಗ ಹುಡುಗಿಯರು. ಅವರ ಕೆಲಸಕ್ಕೆ ಈಗ ಉಪಶಾಮಕ ಆರೈಕೆ ಎಂಬ ಹೆಸರಿದೆ, ತರಬೇತಿ ಇದೆ, ನೋವಿಗೆ ಮಾತ್ರೆ ಇದೆ. ಎಪ್ಪತ್ತರ ದಶಕದಲ್ಲಿ ನಮ್ಮಲ್ಲಿ ಇದ್ದದ್ದು ಹತ್ತಿ ದಾಸ್ತಾನಿನ ಒಂದು ವಖಾರ, ಹನ್ನೆರಡು ಮಂಚ ಮತ್ತು ನಾಲ್ಕು ತಾಲೂಕಿನ ಒಂದು ಸಮಿತಿ. ವಖಾರ ಸೋರುತ್ತಿತ್ತು, ಮಂಚ ಕಿರುಗುಡುತ್ತಿದ್ದವು, ಆದರೂ ಮೂರರಲ್ಲಿ ಅತಿ ಕೆಟ್ಟದ್ದು ಸಮಿತಿಯೇ. ಅದರ ಕಾರಕೂನ ನಾನು. ಅಂಥ ಮನೆಯನ್ನು ಮೊದಲು ಕಟ್ಟಿದವರಲ್ಲಿ ಒಬ್ಬ ಎಂದು ಈ ಮಕ್ಕಳು ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ. ಅದೂ ಒಂದು ತಪ್ಪು.

ನಾನು ವೈದ್ಯನಲ್ಲ, ಕಂಪೌಂಡರನೂ ಅಲ್ಲ. ಹೈಸ್ಕೂಲು ಮುಗಿಸಿ, ದೊಡ್ಡ ಬರಗಾಲದಲ್ಲಿ ಸರಕಾರ ತೆಗೆದ ಕಾಮಗಾರಿಯಲ್ಲಿ ಕಲ್ಲು ಒಡೆಯುವವರ ಹಾಜರಿ ಬರೆಯುತ್ತಿದ್ದೆ. ಸತ್ತವನ ಹೆಸರಿಗೆ ಹಾಜರಿ ಹಾಕುವುದನ್ನೂ, ಇದ್ದವನ ಹೆಸರು ಬಿಡುವುದನ್ನೂ ಅಲ್ಲಿ ಕಲಿತೆ. ಅಕ್ಷರ ದುಂಡಗಿದ್ದವು. ಆ ಅಕ್ಷರ ನೋಡಿಯೇ ಗುರುಪಾದಪ್ಪ ಸಾವಕಾರರು ನನ್ನನ್ನು ಕರೆದುಕೊಂಡರು.

ಸಾವಕಾರರು ಬಾಗೇವಾಡಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದವರು. ಅವರ ಅಣ್ಣನಿಗೆ ಗಂಟಲಿನ ಕ್ಯಾನ್ಸರ್ ಆಗಿ, ಮಿರಜಿನ ತನಕ ಹೋಗಿ ಬಂದು, ಇನ್ನು ಔಷಧ ನಾಟುವುದಿಲ್ಲ ಎಂದು ತಿಳಿದ ಮೇಲೆ ಮನೆಯಲ್ಲಿಯೇ ನಾಲ್ಕು ತಿಂಗಳು ನರಳಿದರು. ಆ ನಾಲ್ಕು ತಿಂಗಳು ಸಾವಕಾರರು ಅಂಗಡಿಯಲ್ಲಿ ಹಾಸಿಗೆ ಹಾಕಿಕೊಂಡು ಮಲಗಿದರು. ಅಣ್ಣ ಸತ್ತ ಮೇಲೆ ಆ ನಾಚಿಕೆ ಅವರನ್ನು ಬಿಡಲಿಲ್ಲ. ಇಂಥವರಿಗೊಂದು ಮನೆ ಬೇಕು, ಗಾಯ ತೊಳೆಯುವವರು ಬೇಕು, ನೋವಿಗೆ ಒಂದು ಸೂಜಿ ಬೇಕು ಎಂದು ಅವರಿಗೆ ಅನ್ನಿಸಿತು. ಇಷ್ಟನ್ನು ಅವರ ಪರವಾಗಿ ಹೇಳಬೇಕು. ಮುಂದೆ ಹೇಳುವುದರಲ್ಲಿ ಅವರ ಪರವಾದದ್ದು ಕಡಿಮೆ.

ಒಂದು ತಾಲೂಕಿನಿಂದ ಆಗುವ ಕೆಲಸವಲ್ಲ ಎಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಕಡೆಯ ಗಣ್ಯರನ್ನು ಕೂಡಿಸಿದರು. ಗಣ್ಯರು ಕೂಡಿದರು. ಚುರುಮುರಿ, ಮಿರ್ಚಿ ಭಜಿ ತಿಂದರು. ಎಲ್ಲರಿಗೂ ಸಮಿತಿಯಲ್ಲಿ ಹೆಸರು ಬೇಕಿತ್ತು, ಮನೆ ಮಾತ್ರ ಯಾರ ಊರಿಗೂ ಬೇಕಿರಲಿಲ್ಲ.

"ನಮ್ಮ ಊರ ಹವಾ ಛಲೋ ಇಲ್ರಿ, ರೋಗಿಗೋಳಿಗೆ ಬಗೀಹರಿಯಂಗಿಲ್ಲ" ಎಂದರು ಇಂಡಿಯವರು.

"ಸಾಯಾಕ ಬಂದವರಿಗೆ ಹವಾ ಎಂಥಾದಾದ್ರ ಏನ್ರಿ?" ಎಂದರು ಸಿಂದಗಿಯವರು.

"ಹಂಗಿದ್ರ ನಿಮ್ಮಲ್ಲೇ ಮಾಡ್ರಲಾ!"

"ನಮ್ಮಲ್ಲಿ ಜಾಗಾ ಎಲ್ಲೈತ್ರಿ? ಇದ್ದಿದ್ರ ಮೊದಲ ಟಾಕೀಸ್ ಆಗ್ತಿತ್ತು."

ಹೀಗೆ ಐದು ಸಭೆ ನಡೆದವು. ಆರನೆಯದರಲ್ಲಿ ಸಾವಕಾರರು ಬೇಸತ್ತು, ಮುದ್ದೇಬಿಹಾಳ ರಸ್ತೆಯಲ್ಲಿ ಊರ ಹೊರಗಿದ್ದ ತಮ್ಮ ಹಳೆಯ ವಖಾರವನ್ನೇ ಕೊಟ್ಟರು. ಮಳೆಗೆ ಹತ್ತಿ ತೊಯ್ಯುತ್ತದೆಂದು ಅದನ್ನು ಎರಡು ವರ್ಷದಿಂದ ಬಳಸುತ್ತಿರಲಿಲ್ಲ. ಹತ್ತಿಗೆ ಆಗದ ಜಾಗ ಮನುಷ್ಯರಿಗೆ ಆದೀತು ಎಂದು ನಾಲ್ಕು ತಾಲೂಕಿನವರೂ ಚಪ್ಪಾಳೆ ತಟ್ಟಿದರು. ನಡಾವಳಿ ಪುಸ್ತಕದಲ್ಲಿ ನಾನು 'ಉದಾರ ದಾನ' ಎಂದು ಬರೆದೆ.

ಇನ್ನು ಹಣ. ನಮ್ಮ ಕಡೆ ಹಣ ಎಂದರೆ ಸುಗ್ಗಿಯ ಜೋಳ. ರಾಶಿ ಆದಾಗ ಕಣಕ್ಕೆ ಚೀಲ ಹಿಡಿದು ಹೋದರೆ ರೈತ ಇಲ್ಲ ಎನ್ನುವುದಿಲ್ಲ. ನಾನು ಮೊದಲು ಹೋದದ್ದು ಗೊಳಸಂಗಿ ಕಡೆಯ ಒಂದು ಕಣಕ್ಕೆ. ವಯಸ್ಸಾದ ಯಜಮಾನ ರಾಶಿಗೆ ಕೈಮುಗಿದು ಅಳೆಯುತ್ತಿದ್ದ. ಮೊದಲ ಅಳತೆಗೆ ಒಂದು ಎನ್ನದೆ 'ಲಾಭ' ಎನ್ನುತ್ತಾರೆ. ಅವನು 'ಲಾಭ' ಎಂದು ಸುರಿದ ಹೊತ್ತಿಗೇ ನಾನು ಬಾಯಿ ತೆರೆದೆ.

"ಕ್ಯಾನ್ಸರ್ ಆಗಿ ಸಾಯೋರಿಗೊಂದು ಮನಿ ಮಾಡಾಕತ್ತೇವ್ರಿ."

ಅವನು ಸುರಿದದ್ದನ್ನು ತಿರುಗಿ ರಾಶಿಗೆ ಕೂಡಿಸಿದ.

"ರಾಶಿ ಮುಂದ ನಿಂತು ಹೆಣದ ಮಾತ ತಗೀತಿಯೇನಲೇ? ನಿಮ್ಮಪ್ಪ ಎಂದರ ಕಣಾ ಮಾಡಿದ್ದನೋ ಇಲ್ಲೋ?"

"ಮಾಡ್ಯಾನ್ರಿ."

"ಹಂಗಾರ ಅವನ ಮಾನಾ ಕಳೀಬ್ಯಾಡ. ಅಲ್ಲಿ ಗಿಡದ ಬುಡಕ ಕುಂತು ಉಂಡ ಹೋಗು. ಜ್ವಾಳಾ ಗೀಳಾ ಕೇಳಬ್ಯಾಡ."

ರೊಟ್ಟಿ, ಎಣ್ಣೆಗಾಯಿ ಉಂಡು ಖಾಲಿ ಚೀಲ ಹೊತ್ತು ಬಂದೆ. ಕೇಳಿ ಸಾವಕಾರರು ನಗಲಿಲ್ಲ.

"ಸಾವು ಅಂತ ಯಾಕ ಹೇಳಾಕ ಹೋದಿ? ಗುಣಾ ಆಗೋ ಮನಿ ಅನ್ನು. ಒಂದ ಮಾತ ಆಚೀಚಿ ಆದ್ರ ಯಾರಪ್ಪನ ಗಂಟ ಹೋಗ್ತೈತಿ?"

ಹಾಗೆಯೇ ಅಂದೆ. ಚೀಲ ತುಂಬಿದವು. ತಾಂಬಾದಿಂದ, ಆಲಮೇಲದಿಂದ ಗಾಡಿಗಟ್ಟಲೆ ಜೋಳ ಬಂತು. ಆ ಜೋಳ ಮಾರಿ ಮಂಚ ತಂದೆವು, ಹಂಚು ತಿರುವಿಸಿದೆವು. ಗುಣವಾಗದವರ ಮನೆಯನ್ನು ಗುಣವಾಗುತ್ತದೆ ಎಂಬ ಮಾತಿನಿಂದ ಕಟ್ಟಿದೆವು. ಆಗ ಅದು ನನಗೆ ಜಾಣತನವಾಗಿ ಕಂಡಿತ್ತು.

ಉದ್ಘಾಟನೆಗೆ ದೊಡ್ಡವರೊಬ್ಬರು ಬಂದರು. ಮಂಚಗಳ ಮೇಲಿನ ಬಿಳಿ ಚಾದರ ಮಂಟಪ ಹಾಕುವವನ ಹತ್ತಿರ ಬಾಡಿಗೆಗೆ ತಂದದ್ದು. ಮರುದಿನ ಅವನು ರೋಗಿಗಳ ಮೈಕೆಳಗಿನಿಂದಲೇ ಎಳೆದುಕೊಂಡು ಹೋದ. ಖಾಲಿ ಮಂಚ ಚೆನ್ನಾಗಿ ಕಾಣುವುದಿಲ್ಲವೆಂದು ಆರು ರೋಗಿಗಳನ್ನು ಮುಂಜಾನೆಯೇ ತಂದು ಮಲಗಿಸಿದ್ದೆವು. ಅತಿಥಿಗಳು ರಿಬ್ಬನ್ ಕತ್ತರಿಸಿ, ಮಂಚದಿಂದ ಮೂರು ಮಾರು ದೂರ ನಿಂತು ಭಾಷಣ ಮಾಡಿದರು.

"ಮುಂದಿನ ವರ್ಷ ನಾನು ಬರುವ ಹೊತ್ತಿಗೆ ನೀವೆಲ್ಲ ಗುಣವಾಗಿ ಮನೆ ಸೇರಿರಬೇಕು."

ಮೊದಲ ಮಂಚದಲ್ಲಿದ್ದವನು ಮುದ್ದೇಬಿಹಾಳ ಕಡೆಯ ಎಣ್ಣೆಗಾಣದ ಮುದುಕ ಶಿವಲಿಂಗಪ್ಪ. ಹೊಟ್ಟೆಯಲ್ಲಿ ಗಡ್ಡೆ. ಅವನು ಮೊಣಕೈ ಊರಿ ಎದ್ದ.

"ಮುಂದಿನ ವರ್ಷ ಯಾಕ್ರಿ ಸಾಹೇಬ್ರ, ಮುಂದಿನ ಸ್ವಾಮಾರಕ್ಕ ನಾ ಹೊಂಟೇನಿ. ಬರೂದಾದ್ರ ನೀವೂ ಬರ್ರಿ, ಸಂಗಾಟಾಗ್ತೈತಿ."

ಉಳಿದ ಐದು ಮಂಚದವರು ನಕ್ಕರು. ನೋವಿನಲ್ಲಿ ನಗುವುದು ಹೇಗಿರುತ್ತದೆ ಎಂದು ನಾನು ನೋಡಿದ್ದು ಅಂದೇ ಮೊದಲು. ಅತಿಥಿಗಳು ಹಾರವನ್ನು ಕೈಯಲ್ಲಿಯೇ ಹಿಡಿದು ಕಾರು ಹತ್ತಿದರು. ಅಂಥ ಬಾಯಿಬಡಕನನ್ನು ಮೊದಲ ಮಂಚಕ್ಕೆ ಹಾಕಿದ್ದು ನನ್ನ ತಪ್ಪೆಂದು ಸಾವಕಾರರು ನನಗೆ ಬೈದರು.

ಈಗ ಕೆಲಸ ಮಾಡಿದವರ ವಿಷಯ. ವೈದ್ಯರು ಬಿಜಾಪುರದಿಂದ ವಾರಕ್ಕೊಮ್ಮೆ, ಗುರುವಾರ ಬರುತ್ತಿದ್ದರು. ಉಳಿದ ಆರು ದಿನ ಆ ಮನೆ ನಡೆದದ್ದು ಒಬ್ಬ ಹೆಂಗಸಿನಿಂದ. ಆಲಮೇಲದವರು, ವಿಧವೆ, ನಲವತ್ತರ ಆಸುಪಾಸು. ಸೋಲಾಪುರದ ಒಂದು ಆಸ್ಪತ್ರೆಯಲ್ಲಿ ಹಲವು ವರ್ಷ ಗಾಯ ತೊಳೆದು ಪಟ್ಟಿ ಕಟ್ಟಿ ಬಂದಿದ್ದರು. ನರ್ಸಿನ ಪರೀಕ್ಷೆ ಕಟ್ಟಿದವರಲ್ಲ, ಆದರೂ ಎಲ್ಲರೂ ನರ್ಸಬಾಯಿ ಎನ್ನುತ್ತಿದ್ದರು. ಕಲಿತದ್ದು ಉರ್ದು ಶಾಲೆಯಲ್ಲಿ. ಮಾತು ನಮ್ಮದೇ ಕನ್ನಡ, ಓದಲು ಮಾತ್ರ ಕನ್ನಡ ಬರುತ್ತಿರಲಿಲ್ಲ.

ಮೊದಲ ವಾರ ನಾನು ಮೂಗಿಗೆ ವಸ್ತ್ರ ಹಿಡಿದು ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದೆ. ನರ್ಸಬಾಯಿ ಕೈಯಲ್ಲಿದ್ದ ಬೋಗುಣಿ ಕೆಳಗಿಡದೆಯೇ ಹೇಳಿದರು:

"ಕಾರಕೂನ್ರ, ನೀವು ಮೂಗ ಮುಚ್ಚಿದ್ದು ಅವರಿಗೆ ಕಾಣತೈತಿ. ಬರೂದಾದ್ರ ಬಾಯಿಲೆ ಉಸರ ತಗೊಂಡ ಒಳಗ ಬರ್ರಿ. ಆಗಂಗಿಲ್ಲಂದ್ರ ಬಾಗಲಾ ಮುಂದ ಮಾಡ್ಕೊಂಡ ಹೋಗ್ರಿ."

ಅವರ ರೀತಿ ಹೀಗಿತ್ತು. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ಗಾಯ ತೊಳೆಯುವುದು. ಅಂಟಿಕೊಂಡ ಪಟ್ಟಿಯನ್ನು ಎಳೆಯದೆ ನೆನೆಸಿ ಬಿಡಿಸುವುದು. ವಾಸನೆಗೆ ಮಂಚದ ಕೆಳಗೆ ಬುಟ್ಟಿಯಲ್ಲಿ ಇದ್ದಿಲು ಇಡುವುದು. ನುಂಗಲಾರದವರ ತುಟಿಗೆ ಒದ್ದೆ ಅರಿವೆ. ಬೆನ್ನು ಹುಣ್ಣಾಗದಂತೆ ತಾಸು ತಾಸಿಗೆ ಮಗ್ಗುಲು ಬದಲಿಸುವುದು. ನೋವಿನ ಸೂಜಿ ನಮಗೆ ಸಿಗುತ್ತಿದ್ದದ್ದೇ ಅಪರೂಪ. ಅದು ಇಲ್ಲದ ದಿನ ಮಂಚದ ಪಕ್ಕ ನೆಲಕ್ಕೆ ಕೂತು ಕಾಲು ತಿಕ್ಕುತ್ತಿದ್ದರು. ಈಗ ಕೆಲಸಕ್ಕೆ ಸೇರಿದ ಮಕ್ಕಳೇ, ನಿಮಗೆ ಪುಸ್ತಕದಲ್ಲಿ ಇದೆಲ್ಲ ಇಂಗ್ಲಿಷಿನಲ್ಲಿ ಇದೆಯಂತೆ. ನಾನು ನೋಡಿದ್ದು ಆಲಮೇಲದ ಆ ಹೆಂಗಸಿನ ಕೈಯಲ್ಲಿ.

ಶಿವಲಿಂಗಪ್ಪ ಹೇಳಿದ ಸೋಮವಾರ ಹೋಗಲಿಲ್ಲ. ಮತ್ತೆ ಒಂದು ವಾರ ಬಿಟ್ಟು, ಮಧ್ಯಾಹ್ನ, ಮಜ್ಜಿಗೆ ಕೇಳಿ ಕುಡಿಯದೆ ತೀರಿಕೊಂಡ. ನಾನು ಅವನ ಊರಿಗೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸಿದೆ. ಮಕ್ಕಳು ಗಾಡಿ ಕಟ್ಟಿಕೊಂಡು ಬಂದದ್ದು ಮರುದಿನ ಹೊತ್ತು ಏರಿದ ಮೇಲೆ. ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡ್ರಿಸಿ, ಭಜನೆ ಮಾಡಿ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಮೈ ಬಿಗಿಯುವ ಮೊದಲು ಕೂಡ್ರಿಸಬೇಕು. ಶಿವಲಿಂಗಪ್ಪ ಕಟ್ಟಿಗೆಯಂತೆ ಆಗಿದ್ದ. ಹಿರಿಯ ಮಗ ತಂದೆಯ ಮೊಣಕಾಲು ಹಿಡಿದು ಮಡಚಲು ನೋಡಿ, ಆಗದೆ, ಅಲ್ಲೇ ಕುಸಿದು ಕೂತು ಅತ್ತ.

"ಇದು ಒಂದು ನಿಮಗ ತಿಳೀಲಿಲ್ಲೇನ್ರಿ? ನಮ್ಮಪ್ಪಗ ಕುಂಡ್ರಾಕೂ ಬರದಂಗ ಮಾಡಿದ್ರೆಲ್ರಿ!"

ಅದು ನನಗೆ ತಿಳಿದಿರಬೇಕಿತ್ತು. ನಾನೂ ಹಾಗೆ ಕೂಡ್ರಿಸಿ ಮಣ್ಣು ಮಾಡುವ ಜನರವನೇ. ಹಾಜರಿ ಬರೆಯುವ ಗಡಿಬಿಡಿಯಲ್ಲಿ ಹೊಳೆದಿರಲಿಲ್ಲ. ಆಮೇಲೆ ನಾನೂ ನರ್ಸಬಾಯಿಯೂ ಮಾತಾಡಿಕೊಂಡು ಒಂದು ಪದ್ಧತಿ ಮಾಡಿದೆವು. ಅವರು ರೋಗಿಯ ಪಾದ ಮುಟ್ಟಿ, ಕಿವಿಯ ಹಾಲೆ ನೋಡಿ, "ಎರಡ ದಿನ ಐತ್ರಿ" ಎನ್ನುತ್ತಿದ್ದರು. ಹೆಚ್ಚು ಕಡಿಮೆ ಆಗುತ್ತಿರಲಿಲ್ಲ. ನಾನು ಮನೆಯವರಿಗೆ ಹೇಳಿ ಕಳಿಸಿ, ಬೇಕೆಂದವರನ್ನು ಜೀಪು ಮಾಡಿ ಊರಿಗೆ ಮುಟ್ಟಿಸುತ್ತಿದ್ದೆ. ತಮ್ಮ ಮನೆಯಲ್ಲಿ, ತಮ್ಮವರ ನಡುವೆ ಕಣ್ಣು ಮುಚ್ಚಿದರು. ಕೂಡ್ರಿಸಲು ಬಂತು. ನನ್ನ ನೌಕರಿಯಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಮೂರು ತಿಂಗಳು ಒಳ್ಳೆಯದಾಗಿಯೇ ಇತ್ತು.

ಆಮೇಲೆ ಅನುದಾನದ ನಮೂನೆ ಬಂತು. ಜೋಳದಿಂದ ಎಷ್ಟು ದಿನ ನಡೆದೀತು ಎಂದು ಸಾವಕಾರರು ಒಂದು ಕಚೇರಿಗೆ ಅರ್ಜಿ ಹಾಕಿದ್ದರು. ನಮೂನೆ ಎಲ್ಲ ಆಸ್ಪತ್ರೆಗಳಿಗೂ ಒಂದೇ. 'ಗುಣಮುಖ', 'ಸುಧಾರಣೆ', 'ಮೃತ' ಎಂದು ಮೂರು ಕಲಮು. ಕೇಳಿದ್ದು ಹಿಂದಿನ ಮೂರು ತಿಂಗಳ ಲೆಕ್ಕ; ಶಿವಲಿಂಗಪ್ಪ ಅದಕ್ಕೂ ಮೊದಲಿನವನು, ಆಮೇಲಿನವರೆಲ್ಲ ಬೇಕೆಂದೇ ಮನೆಗೆ ಹೋಗಿದ್ದರು. ಮನೆಗೆ ಕಳಿಸಿದವರನ್ನು ಯಾವ ಕಲಮಿಗೆ ಹಾಕುವುದು? ಮೃತರಲ್ಲ, ಜೀವಂತ ಹೋಗಿದ್ದಾರೆ. ಗುಣಮುಖ ಎಂದು ಬರೆಯುವಷ್ಟು ಸುಳ್ಳು ನನ್ನಿಂದಲೂ ಆಗಲಿಲ್ಲ. 'ಸುಧಾರಣೆ'ಯಲ್ಲಿ ಹಾಕಿದೆ. ತಪಾಸಣೆಗೆ ಬಂದ ಅಧಿಕಾರಿ ಕಾಗದ ನೋಡಿ ಕನ್ನಡಕ ತೆಗೆದು ಒರೆಸಿದ.

"ಒಂದೂ ಸಾವಿಲ್ಲ! ಇಂಥ ಆಸ್ಪತ್ರೆ ನಾನು ನೋಡಿಯೇ ಇಲ್ಲ."

ನೋಡಿರಲು ಹೇಗೆ ಸಾಧ್ಯ? ಅವನು ಸಂಶಯಪಡಲಿಲ್ಲ. ಅನುದಾನ ಬಂತು. ಸಾವಕಾರರು ನನ್ನನ್ನು ಅಂಗಡಿಗೆ ಕರೆಸಿ ಚಹಾ ಕೊಡಿಸಿದರು. ಅವರ ಅಂಗಡಿಯಲ್ಲಿ ಅದುವರೆಗೆ ನನಗೆ ನೀರೂ ಸಿಕ್ಕಿರಲಿಲ್ಲ.

"ಕಾರಕೂನ, ಆ ಮೂರನೇ ಕಲಮು ಹಿಂಗ ಖಾಲಿ ಇರಲಿ. ತಿಳೀತಿಲ್ಲ?"

ತಿಳಿಯಿತು. ಅಂದಿನಿಂದ ಬೇಕೆಂದವರನ್ನು ಮಾತ್ರವಲ್ಲ, ಎಲ್ಲರನ್ನೂ ಕಳಿಸಿದೆ. ಕೂಡ್ರಿಸುವ ಪದ್ಧತಿ ಇಲ್ಲದವರನ್ನೂ ಕಳಿಸಿದೆ. ಮನೆಯಲ್ಲಿ ಯಾರೂ ಇಲ್ಲದವರನ್ನು ದೂರದ ನೆಂಟರ ಬಾಗಿಲಿಗೆ ಇಳಿಸಿ ಬರುವಂತೆ ಜೀಪಿನವನಿಗೆ ಹೇಳಿದೆ. ನಾಲ್ಕು ತಾಲೂಕಿನಲ್ಲಿ ಸುದ್ದಿ ಹಬ್ಬಿತು. ಬಾಗೇವಾಡಿಯ ವಖಾರದಲ್ಲಿ ಯಾರೂ ಸಾಯುವುದಿಲ್ಲವಂತೆ! ಜನ ಗುಣವಾಗುವ ಆಸೆಯಿಂದ ಬರತೊಡಗಿದರು. ಬಸ್ ನಿಲ್ದಾಣದಲ್ಲಿ ಸೀಟು ಖಾಲಿ ಮಾಡಿಸುವವನ ಹಾಗೆ ನಾನು ಮಂಚ ಖಾಲಿ ಮಾಡಿಸುತ್ತಿದ್ದೆ.

ಪ್ರತಿಯೊಬ್ಬರನ್ನು ಕಳಿಸುವಾಗಲೂ ಒಂದು ಚೀಟಿ ಬೇಕಿತ್ತು. 'ರೋಗಿಗೆ ಸುಧಾರಿಸಿದೆ, ಮನೆಗೆ ಹೋಗಲು ಅಡ್ಡಿಯಿಲ್ಲ' ಎಂದು ಅದರಲ್ಲಿ ಬರೆದು, ನೋಡಿಕೊಳ್ಳುವವರ ಸಹಿ ಹಾಕಿಸಬೇಕು. ನಾನು ಇಪ್ಪತ್ತೈದು ಚೀಟಿಯನ್ನು ಒಮ್ಮೆಗೇ ಬರೆದು ನರ್ಸಬಾಯಿಯ ಮುಂದೆ ಇಟ್ಟೆ. ಹೆಸರು, ತಾರೀಖಿನ ಜಾಗ ಖಾಲಿ.

"ಇದೇನ್ರಿ ಇಷ್ಟೊಂದು?"

"ರೋಗಿಗೋಳ ಅರಿವಿ, ತಾಟು, ಚರಿಗಿ ಅವರವರ ಮನಿಯವರಿಗೆ ತಿರುಗಿ ಕೊಟ್ಟಿದ್ದಕ್ಕ ಸಹಿ" ಎಂದೆ.

ಅವರು ಒಂದೊಂದಾಗಿ ಉರ್ದುವಿನಲ್ಲಿ ಹೆಸರು ಬರೆದರು. ಗಾಯ ತೊಳೆದ ಕೈ ಒದ್ದೆಯಾಗಿತ್ತು, ಸೀರೆಗೆ ಒರೆಸಿಕೊಂಡು ಬರೆದರು.

ನೀಲವ್ವ ತಾಂಬಾದವಳು. ಮಕ್ಕಳಿಲ್ಲದ ವಿಧವೆ, ಮೈದುನನ ಮನೆಯಲ್ಲಿದ್ದಳು. ಎದೆಯ ಗಡ್ಡೆ ಒಡೆದು ಗಾಯವಾಗಿ, ವಾಸನೆಗೆ ಯಾರೂ ಹತ್ತಿರ ಸುಳಿಯದಂತಾಗಿ, ಕೊನೆಗೆ ದನದ ಕೊಟ್ಟಿಗೆಯಲ್ಲಿ ಹಾಕಿದ್ದರು. ನಮ್ಮಲ್ಲಿಗೆ ಬಂದ ನಾಲ್ಕನೆಯ ದಿನ ನರ್ಸಬಾಯಿ ಅವಳ ತಲೆ ತೊಳೆದು ಎಣ್ಣೆ ಹಚ್ಚಿ ಹೆಣೆಯುತ್ತಿದ್ದಾಗ ನಾನು ಲೆಕ್ಕಕ್ಕೆ ಬಂದೆ. ನೀಲವ್ವ ನಗುತ್ತ ಹೇಳುತ್ತಿದ್ದಳು:

"ನನ್ನ ಒಯ್ದು ಎಮ್ಮಿ ಮಗ್ಗಲಿಗೆ ಹಾಕಿದ್ರು ಯವ್ವಾ. ಅದೂ ಬೆರಿಕಿ, ಮಕಾ ಆ ಕಡೆ ಮಾಡಿ ನಿಂದರ್ತಿತ್ತು. ಹಾಲ ಹಿಂಡುವಾಗ ಮಾತ್ರ ಈ ಕಡೆ ನೋಡ್ತಿತ್ತು, ಇನ್ನೂ ಅದಾಳೋ ಹೋದಳೋ ಅಂತ."

ಐದು ವಾರ ಇದ್ದಳು. ಪಕ್ಕದ ಮಂಚದವರಿಗೆ, ರಾಶಿ ಮಾಡುವಾಗ ಹಾಡುವ ಹಂತಿಯ ಪದ ಹೇಳುತ್ತಿದ್ದಳು. ಕಳಿಸುವ ಪದ್ಧತಿ ಅವಳಿಗೆ ಗೊತ್ತಾಗಿತ್ತು. ಒಂದು ದಿನ ನನ್ನನ್ನು ಕರೆದು, ಧೋತರದ ತುದಿ ಹಿಡಿದಳು.

"ಯಪ್ಪಾ ಕಾರಕೂನಾ, ನನ್ನ ಆ ಕೊಟ್ಟಗಿಗೆ ಕಳಸಬ್ಯಾಡೋ. ಕುಂಡ್ರಸಾಕ ಬರದಿದ್ರ ಬ್ಯಾಡ, ಮಲಗಿಸೇ ಮಣ್ಣ ಮಾಡ್ರಿ. ಶಿವಾ ಏನೂ ಅನ್ನಂಗಿಲ್ಲ. ಇಲ್ಲೇ ಈ ಮಂಚದ ಮ್ಯಾಲ ಹೋಗ್ತೇನಿ."

"ಆತು ಬೇ" ಎಂದೆ.

"ಹಂಗಲ್ಲ. ಮಾತ ಕೊಡು."

ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ನರ್ಸಬಾಯಿ ಪಕ್ಕದಲ್ಲಿದ್ದರು. "ನಾ ಸಾಕ್ಷಿ ಅದೇನಿ ನೋಡ್ರಿ ಕಾರಕೂನ್ರ" ಎಂದು ಚೇಷ್ಟೆ ಮಾಡಿದರು.

ಎರಡನೆಯ ವರ್ಷದ ಅನುದಾನದ ತಪಾಸಣೆಗೆ ಅದೇ ಅಧಿಕಾರಿ ಬರುತ್ತಾನೆಂದು ಕಾಗದ ಬಂತು. ಬರುವ ಹಿಂದಿನ ದಿನ ನರ್ಸಬಾಯಿ ನೀಲವ್ವನ ಪಾದ ಮುಟ್ಟಿ ನೋಡಿ, ಹೊರಗೆ ಬಂದು, "ನಾಳಿ ಇಲ್ಲಾ ನಾಡದ್ದು" ಎಂದರು. ನಾನು ಸಾವಕಾರರಿಗೆ ಹೋಗಿ ಹೇಳಿದೆ. ಅವರು ಹತ್ತಿಯ ಎಳೆ ಬಿಡಿಸಿ ನೋಡುತ್ತಿದ್ದರು. ತಲೆ ಎತ್ತಲಿಲ್ಲ.

"ನನ್ನೇನ ಕೇಳ್ತಿ? ಎಲ್ಲಾ ನಿನಗ ತಿಳೀತೈತಿ."

ಕಳಿಸು ಎಂದು ಅವರು ಹೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಎಷ್ಟೋ ವರ್ಷ ಮನಸ್ಸಿನಲ್ಲಿಯೇ ಅವರ ಮೇಲೆ ಹಾಕಿ ಹಗುರಾಗಿದ್ದೇನೆ. ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು? ಮೂರನೆಯ ಕಲಮಿನಲ್ಲಿ ಒಂದು ಎಂದು ಬರೆಯಬೇಕಾಗುತ್ತಿತ್ತು. ಅಷ್ಟೇ. ಸತ್ತವರನ್ನು ಹಾಜರಿಯಲ್ಲಿ ಬದುಕಿಸಿದ ದುಂಡು ಅಕ್ಷರದ ಕಾರಕೂನನಿಗೆ ಆ ಒಂದು ಅಂಕಿ ಬರೆಯಲು ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನರ್ಸಬಾಯಿಯನ್ನು ಬಿಜಾಪುರಕ್ಕೆ ಕಳಿಸಿದೆ. ಪಟ್ಟಿಯ ಅರಿವೆ ಮುಗಿದಿದೆ, ತಪಾಸಣೆಗೆ ಮೊದಲು ಬೇಕೇ ಬೇಕು ಎಂದೆ. ಅರಿವೆ ಮುಗಿದಿರಲಿಲ್ಲ. ಒಂದು ಗಂಟನ್ನು ನಾನೇ ಕಪಾಟಿನ ಹಿಂದೆ ಇಟ್ಟಿದ್ದೆ. ಬಸ್ಸು ಹೋದ ಮೇಲೆ ಜೀಪು ತರಿಸಿದೆ.

"ಎಲ್ಲಿಗಿ ಯಪ್ಪಾ?" ಎಂದಳು ನೀಲವ್ವ.

"ಬಿಜಾಪುರಕ್ಕ ಬೇ. ದೊಡ್ಡ ಡಾಕ್ಟರ್ ನೋಡ್ತಾರಂತ."

"ಬಾಯಿ ಎಲ್ಲಿ ಅದಾಳ?"

"ಅಲ್ಲೇ ಹೋಗ್ಯಾಳ. ನಿನ್ನ ದಾರಿ ಕಾಯಾಕತ್ತಾಳ."

ಅವಳಿಗೆ ಖುಷಿಯಾಯಿತು. ಹಳೆಯ ಸೀರೆಯಲ್ಲಿ ಬಿಜಾಪುರಕ್ಕೆ ಹೋಗುವುದು ಚೆನ್ನಾಗಿರುವುದಿಲ್ಲ ಎಂದು ಗಂಟಿನಲ್ಲಿದ್ದ ಇಳಕಲ್ಲ ಸೀರೆಯನ್ನು ಮೇಲೆ ಹೊದಿಸಲು ಹೇಳಿದಳು. ಹೊದಿಸಿದೆ. ಜೀಪಿನ ಹಿಂದೆ ಹಾಸಿಗೆ ಹಾಕಿ ಮಲಗಿಸಿದೆವು. ಒಂದು ಚೀಟಿ ತೆಗೆದು ಹೆಸರು, ತಾರೀಖು ತುಂಬಿದೆ.

ಮುಂದಿನದ್ದು ಜೀಪಿನವನು ಹೇಳಿದ್ದು. ಬಿಜಾಪುರದ ಕಡೆ ತಿರುಗದೆ ಹಿಪ್ಪರಗಿಯ ದಾರಿ ಹಿಡಿದಾಗ ಅವಳು ತಾಡಪತ್ರಿಯ ಸಂದಿಯಿಂದ ಹೊರಗೆ ನೋಡಿದಳಂತೆ. "ತಮ್ಮಾ, ಇದು ಬಿಜಾಪುರದ ದಾರಿ ಅಲ್ಲೋ" ಎಂದಳಂತೆ. ಅವನು ಜೀಪಿನ ವೇಗ ಹೆಚ್ಚಿಸಿದ. ಸಿಂದಗಿ ಬರುವ ಮೊದಲೇ ಹೋಗಿದ್ದಳು. ಮೈ ಇನ್ನೂ ಬಿಗಿದಿರಲಿಲ್ಲ. ತಾಂಬಾದಲ್ಲಿ ಕೂಡ್ರಿಸಲು ಬಂತು. ಹೊತ್ತಿಗೆ ಸರಿಯಾಗಿ ಮುಟ್ಟಿಸಿದಿರಿ, ಉಪಕಾರವಾಯಿತು ಎಂದು ಮೈದುನ ಹೇಳಿ ಕಳಿಸಿದ. ಅಧಿಕಾರಿ ಬಂದು, ಖಾಲಿ ಕಲಮು ನೋಡಿ, ಊಟ ಮಾಡಿ ಹೋದ.

ಗುರುವಾರ ವೈದ್ಯರು ಬಂದರು. ಅವರು ನೀಲವ್ವನನ್ನು ಹಿಂದಿನ ವಾರ ನೋಡಿದ್ದರು. ಖಾಲಿ ಮಂಚ ನೋಡಿ, ಅದುವರೆಗೆ ಎಂದೂ ಕೇಳಿರದ ಚೀಟಿ ತರಿಸಿ ಓದಿ, ಕೆಂಪಾದರು. "ಸಾಯುತ್ತಿರುವವಳನ್ನು ಸುಧಾರಿಸಿದೆ ಎಂದು ಕಳಿಸಿದವರು ಯಾರು? ಇದು ಯಾರ ಸಹಿ?"

"ನರ್ಸಬಾಯಿದ್ರಿ" ಎಂದೆ. ಸುಳ್ಳಲ್ಲ.

ವೈದ್ಯರು ಸಾವಕಾರರಿಗೆ, ಇಂಥವರು ಇಲ್ಲಿದ್ದರೆ ನಾನು ಬರುವುದಿಲ್ಲ ಎಂದು ಹೇಳಿ ಹೋದರು. ಸಾವಕಾರರು ನಮ್ಮಿಬ್ಬರನ್ನೂ ಅಂಗಡಿಗೆ ಕರೆಸಿದರು. ನರ್ಸಬಾಯಿ ಚೀಟಿಯನ್ನು ತೆಗೆದುಕೊಂಡು ತಮ್ಮ ಸಹಿ ನೋಡಿ, ನನ್ನ ಕೈಗೆ ಕೊಟ್ಟರು.

"ಓದ್ರಿ ಕಾರಕೂನ್ರ. ನನಗ ಕನ್ನಡ ಓದಾಕ ಬರಂಗಿಲ್ಲ."

ಓದಿದೆ. ಅವರು ಸಾವಕಾರರ ಕಡೆ ತಿರುಗಿದರು.

"ಆವತ್ತ ನಾ ಬಿಜಾಪುರದಾಗ ಇದ್ದೆನ್ರಿ. ಇವರ ಕಳಿಸಿದ್ರು. ತಾಟು ಚರಿಗಿ ಕೊಟ್ಟಿದ್ದಕ್ಕ ಅಂತ ಹೇಳಿ ಸಹಿ ತಗೊಂಡಾರ."

ಸಾವಕಾರರು ನನ್ನನ್ನು ನೋಡಿದರು. ಅವರಿಗೆ ಎಲ್ಲ ಗೊತ್ತಿತ್ತು, ಆದರೂ ಕೇಳಿದರು. "ಹೌದೇನೋ?"

ಹೌದು ಎಂದರೆ ನನ್ನ ನೌಕರಿ ಹೋಗುತ್ತಿತ್ತು.

"ಇಲ್ರಿ. ಎಲ್ಲಾ ಓದಿ ಹೇಳಿದ ಮ್ಯಾಲ ಸಹಿ ಮಾಡ್ಯಾರ್ರಿ."

ನರ್ಸಬಾಯಿ ಕೂಗಾಡಲಿಲ್ಲ. ಹಿಡಿಶಾಪ ಹಾಕಿದ್ದರೆ ನಾನೂ ಎರಡು ಮಾತಾಡಿ ಮರೆತುಬಿಡುತ್ತಿದ್ದೆನೋ ಏನೋ.

"ನೀಲವ್ವ ಎಲ್ಲಾರ ಮುಂದ ಹೇಳ್ತಿದ್ದಳ್ರಿ, ಕಾರಕೂನ ಮಾತ ಕೊಟ್ಟಾನ, ನನಗೇನೂ ಹೆದರಿಕಿ ಇಲ್ಲ ಅಂತ" ಎಂದರು. ಆಮೇಲೆ ಸಾವಕಾರರಿಗೆ, "ಇವತ್ತಿನ ಪಟ್ಟಿ ಕಟ್ಟಿ ಹೋಗ್ತೇನ್ರಿ. ಮುಂಜಾನಿಂದ ಯಾರದೂ ಆಗಿಲ್ಲ" ಎಂದರು.

ಒಂಬತ್ತು ಜನರಿದ್ದರು. ಒಂಬತ್ತೂ ಜನರ ಗಾಯ ತೊಳೆದು, ಪಟ್ಟಿ ಕಟ್ಟಿ, ಇದ್ದಿಲು ಬದಲಿಸಿ, ಕೈ ತೊಳೆದುಕೊಂಡು, ತಮ್ಮ ಟ್ರಂಕು ಹೊತ್ತು ಸಿಂದಗಿ ಬಸ್ಸಿಗೆ ನಡೆದರು. ಟ್ರಂಕಿಗೆ ಕೈ ಹಚ್ಚಲೂ ನಾನು ಹೋಗಲಿಲ್ಲ. ಕಿಟಕಿಯಿಂದ ನೋಡಿದೆ.

ಅವರ ಜಾಗಕ್ಕೆ ಬಂದವರು ಯಾರೂ ವಾರಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಗಾಯಗಳಲ್ಲಿ ಹುಳ ಬಿದ್ದವು. ಕಳಿಸಬೇಕಾದವರು ಯಾರು, ಎಷ್ಟು ದಿನ ಎಂದು ಹೇಳುವವರಿಲ್ಲದೆ ಮೂರನೆಯ ಕಲಮು ತನ್ನಷ್ಟಕ್ಕೆ ತುಂಬಿತು. ಅನುದಾನ ನಿಂತಿತು. ಮರುವರ್ಷ ವಖಾರದಲ್ಲಿ ಮತ್ತೆ ಹತ್ತಿ ಬಿತ್ತು. ಹಂಚು ರಿಪೇರಿಯಾಗಿದ್ದರಿಂದ ಈಗ ಸೋರುತ್ತಿರಲಿಲ್ಲ. ನನಗೆ ಸಾವಕಾರರ ಶಿಫಾರಸಿನಿಂದ ಬೇರೆ ಕಡೆ ನೌಕರಿಯಾಯಿತು. ಅಲ್ಲಿ ಮೇಲೇರಿದ್ದೂ ಉಂಟು, ಅದನ್ನು ಬರೆಯುವ ಮುಖ ಇಲ್ಲ.

ಹೊಸದಾಗಿ ಸೇರಿದವರಿಗೆ ನಾನು ಹೇಳಬಲ್ಲದ್ದು ಇಷ್ಟು. ನಿಮ್ಮ ಮೇಲಿನವರೂ ಒಂದು ಕಲಮು ಖಾಲಿ ಇರಲಿ ಎನ್ನುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ನಿನಗೆ ತಿಳಿಯುತ್ತದಲ್ಲ ಎನ್ನುತ್ತಾರೆ. ತಿಳಿಯುವುದಿಲ್ಲ ಎನ್ನಿ.

ಐದಾರು ವರ್ಷದ ಮೇಲೆ ಸಿಂದಗಿ ಬಸ್ ನಿಲ್ದಾಣದಲ್ಲಿ ಒಮ್ಮೆ ನರ್ಸಬಾಯಿಯನ್ನು ನೋಡಿದೆ. ಬಾಳೆಹಣ್ಣಿನ ಬುಟ್ಟಿಯ ಪಕ್ಕ ಕೂತು ಹಣ್ಣು ಮಾರುತ್ತಿದ್ದರು. ನಾನು ಪತ್ರಿಕೆ ಮುಖಕ್ಕೆ ಹಿಡಿದು ಹಿಂದಿನ ಬಾಗಿಲಿನಿಂದ ಬಸ್ಸು ಹತ್ತಿದೆ. ಹೋದ ವರ್ಷ, ಎರಡನೆಯ ಸಲ ಬರೆದದ್ದನ್ನು ಸುಟ್ಟ ಮೇಲೆ, ಆಲಮೇಲಕ್ಕೆ ಹೋದೆ. ಮನೆ ಸಿಕ್ಕಿತು. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ಸೊಸೆ ಕುರ್ಚಿ ಹಾಕಿ, ಚಹಾ ಕೊಟ್ಟರು.

"ನೀವ ಯಾರಂತ ಗುರ್ತ ಸಿಗಲಿಲ್ರಿ, ಕಾಕಾ."

ಅದನ್ನು ಹೇಳಲೆಂದೇ ಹೋಗಿದ್ದೆ. "ಹಿಂದಕ ಬಾಗೇವಾಡಿ ಕಡೆ ಪರಿಚಯ ಇತ್ತವ್ವಾ, ಹಿಂಗ ಹೊಂಟಿದ್ದೆ" ಎಂದೆ.

"ಬಾಗೇವಾಡಿ ಮಾತ ನಮ್ಮ ಅತ್ತಿ ಎಂದೂ ತಗೀತಿರಲಿಲ್ರಿ" ಎಂದರು ಸೊಸೆ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಎದ್ದು ಬಂದೆ.

ಇಷ್ಟುದ್ದಕ್ಕೂ ನರ್ಸಬಾಯಿ ಎಂದು ಬರೆದಿದ್ದೇನೆ. ಇದ್ದಾಗಲೂ ಹೆಸರು ಹಿಡಿದು ಯಾರೂ ಕರೆಯಲಿಲ್ಲ, ಆ ಚೀಟಿಗಳ ಮೇಲೆ ಅವರೇ ಬರೆದದ್ದನ್ನು ಓದಲು ನನಗೆ ಬರುತ್ತಿರಲಿಲ್ಲ. ಸಂಬಳದ ಪುಸ್ತಕದಲ್ಲಿ ಮಾತ್ರ ತಿಂಗಳಿಗೊಮ್ಮೆ ನಾನೇ ಕನ್ನಡದಲ್ಲಿ ಬರೆಯುತ್ತಿದ್ದೆ. ನಾನು ತಪ್ಪಾಯಿತು ಎಂದು ಹೇಳಬೇಕಿದ್ದು, ಹೇಳದೆ ಉಳಿದದ್ದು ಅವರಿಗೆ: ಆಲಮೇಲದ ಖೈರುನ್ನಿಸಾ ಮೆಹಬೂಬಸಾಬ ತಾಂಬೋಳಿ.